ಯಂತ್ರದ ಉಕ್ತಲೇಖನ

ನಮ್ಮಲ್ಲಿ ಬಹುಮಂದಿ ಅಕ್ಷರಕ್ಕೆ ಮೊದಲು ಹೆದರಿದ್ದು ಉಕ್ತಲೇಖನದ ಹೊತ್ತಿನಲ್ಲಿ. ಮೇಷ್ಟರು ಕೈಯಲ್ಲಿ ಪುಸ್ತಕ ಹಿಡಿದು ಬೆಂಚುಗಳ ನಡುವೆ ಓಡಾಡುತ್ತ ಒಂದೊಂದು ವಾಕ್ಯವನ್ನೂ ಎರಡು ಸಲ ಹೇಳುವರು. ಮೂರನೆಯ ಸಲ ಕೇಳಿದರೆ ಗದರಿಕೆ. 'ವಿಶೇಷ' ಎಂಬ ಮಾತಿನಲ್ಲಿ ಮೊದಲು ಬರುವುದು ಯಾವ ಶ, ಆಮೇಲೆ ಬರುವುದು ಯಾವ ಷ ಎಂಬುದು ಕಿವಿಗೆ ತಿಳಿಯುವಂತಿರಲಿಲ್ಲ. ಅದನ್ನು ಮೊದಲೇ ಬಲ್ಲವನಿಗೆ ಮಾತ್ರ ತಿಳಿಯುತ್ತಿತ್ತು. ಗೊತ್ತಾಗದ ಕಡೆ ಕೆಲವು ಹುಡುಗರು ಅಷ್ಟು ಜಾಗ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಇನ್ನು ಕೆಲವರು ತಮಗೆ ತೋರಿದ್ದನ್ನು ದುಂಡಗೆ ಬರೆದು, ಮೇಷ್ಟರ ಕಣ್ಣಿಗೆ ಬೀಳಲಾರದೆಂದು ನಂಬಿ ಕೂಡುತ್ತಿದ್ದರು. ಕೆಂಪು ಶಾಯಿ ಇಬ್ಬರ ಪುಸ್ತಕಕ್ಕೂ ಬೀಳುತ್ತಿತ್ತು. ಆದರೆ ಮೇಷ್ಟರ ಸಿಟ್ಟು ಹೆಚ್ಚಾಗಿ ಎರಡನೆಯವರ ಮೇಲೆ. ಅದಕ್ಕೆ ಕಾರಣ ಆಗ ನಮಗೆ ತಿಳಿದಿರಲಿಲ್ಲ.

ಈಗ ಆ ಬೆಂಚಿನ ಮೇಲೆ ಯಂತ್ರ ಬಂದು ಕುಳಿತಿದೆ. ಮೊಬೈಲಿನ ಕೀಲಿಮಣೆಯ ಮೂಲೆಯಲ್ಲಿರುವ ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಮಾತು ಅಕ್ಷರವಾಗಿ ಪರದೆಯ ಮೇಲೆ ಮೂಡುತ್ತದೆ. ಗೂಗಲ್ ಸಂಸ್ಥೆ ತನ್ನ ಈ ಸೌಲಭ್ಯವನ್ನು ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಿಗೆ 2017ರಲ್ಲಿ ವಿಸ್ತರಿಸಿತು. ಬೆರಳಿನಿಂದಲೋ ಕಡ್ಡಿಯಿಂದಲೋ ಗಾಜಿನ ಮೇಲೆ ಬರೆದರೆ ಅದೂ ಅಚ್ಚಿನ ಅಕ್ಷರವಾಗಿ ನಿಲ್ಲುತ್ತದೆ. ಈ ಸೌಕರ್ಯದ ವೇಗವನ್ನೂ ಅಗ್ಗವನ್ನೂ ಪತ್ರಿಕೆಗಳು ವಿಜ್ಞಾನದ ಪುಟಗಳಲ್ಲಿ ಸಾಕಷ್ಟು ಹೊಗಳಿವೆ. ಆದರೆ ಬರೆಯುವುದು, ಬರೆಯಿಸುವುದು, ಪ್ರತಿ ಮಾಡುವುದು ಇವು ಸಾಹಿತ್ಯದ ಹಳೆಯ ವ್ಯವಹಾರಗಳು. ಆದುದರಿಂದ ಈ ಹೊಸ ಲಿಪಿಕಾರನ ಯೋಗ್ಯತೆಯನ್ನು ಸಾಹಿತ್ಯದ ಪುಟದಲ್ಲಿಯೂ ಒಮ್ಮೆ ಪರೀಕ್ಷಿಸುವುದು ಅನುಚಿತವಾಗಲಾರದು.

ಲಿಪಿಕಾರನನ್ನು ಕುರಿತ ಹಳೆಯ ವಿಮರ್ಶೆಯೊಂದು ನಮ್ಮಲ್ಲಿ ಕಥೆಯ ರೂಪದಲ್ಲಿದೆ. ವ್ಯಾಸರು ಭಾರತವನ್ನು ಹೇಳುವಾಗ ಬರೆದುಕೊಳ್ಳಲು ಗಣಪತಿ ಒಪ್ಪಿದ. ಬರೆಯುವಾಗ ತನ್ನ ಲೇಖನಿ ನಿಲ್ಲಕೂಡದೆಂದು ಅವನ ಷರತ್ತು. ಅರ್ಥ ತಿಳಿಯದೆ ಏನನ್ನೂ ಬರೆಯಕೂಡದೆಂದು ವ್ಯಾಸರ ಮರುಷರತ್ತು. ಮೊದಲನೆಯದು ವೇಗದ ಷರತ್ತು, ಎರಡನೆಯದು ತಿಳಿವಿನ ಷರತ್ತು. ಕಠಿನವಾದ ಶ್ಲೋಕ ಬಂದಾಗ ಗಣಪತಿ ಅರೆಗಳಿಗೆ ಯೋಚಿಸಬೇಕಾಗುತ್ತಿತ್ತು. ಆ ಬಿಡುವಿನಲ್ಲಿ ಕವಿ ಮುಂದಿನ ಶ್ಲೋಕಗಳನ್ನು ಕಟ್ಟಿಕೊಳ್ಳುತ್ತಿದ್ದ. ಈ ಕಥೆ ಮಹಾಭಾರತಕ್ಕೆ ಆಮೇಲೆ ಬಂದು ಸೇರಿದ್ದೆಂದು ಪುಣೆಯ ಭಂಡಾರಕರ್ ಸಂಸ್ಥೆಯ ಸಂಪಾದಕರು ಅದನ್ನು ಮೂಲಪಾಠದಿಂದ ಹೊರಗಿಟ್ಟರು. ಸೇರಿಸಿದವನು ಯಾರೇ ಆಗಿರಲಿ, ಹೇಳುವವನಿಗೂ ಬರೆಯುವವನಿಗೂ ಇರತಕ್ಕ ಸಂಬಂಧವನ್ನು ಅವನು ಚೆನ್ನಾಗಿ ಬಲ್ಲವನು. ಯಂತ್ರವನ್ನು ಅಳೆಯಲು ಈ ಎರಡು ಷರತ್ತುಗಳಿಗಿಂತ ಒಳ್ಳೆಯ ಅಳತೆಗೋಲನ್ನು ನಾನು ಕಾಣೆ.

ಯಂತ್ರಕ್ಕೆ ಕಿವಿ ಕೊಡಿಸುವ ಪ್ರಯತ್ನ ಹೊಸದಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1952ರಲ್ಲಿ 'ಆಡ್ರಿ' ಎಂಬ ಯಂತ್ರ ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳನ್ನು ಕೇಳಿ ಗುರುತಿಸಿತು. ಒಬ್ಬನ ಕಂಠಕ್ಕೆ ಅದನ್ನು ಹದಗೊಳಿಸಬೇಕಾಗಿತ್ತು. ಅಂಕೆ ಅಂಕೆಗೂ ನಡುವೆ ನಿಲ್ಲಬೇಕಾಗಿತ್ತು. ಹತ್ತು ವರ್ಷಗಳ ಅನಂತರ, 1962ರಲ್ಲಿ, ಸಿಯಾಟಲ್ ನಗರದ ಜಾಗತಿಕ ಪ್ರದರ್ಶನದಲ್ಲಿ ಐಬಿಎಂ ಸಂಸ್ಥೆ 'ಷೂಬಾಕ್ಸ್' ಎಂಬ ಪೆಟ್ಟಿಗೆಯನ್ನು ತೋರಿಸಿತು. ಅದಕ್ಕೆ ಗೊತ್ತಿದ್ದ ಮಾತುಗಳು ಹದಿನಾರು: ಹತ್ತು ಅಂಕೆ, ಕೂಡು, ಕಳೆ ಮುಂತಾದ ಆರು ಅಪ್ಪಣೆ. ಹತ್ತು ವರ್ಷದ ಶ್ರಮಕ್ಕೆ ಆರು ಮಾತಿನ ಲಾಭ.

ಈ ನಡಿಗೆಯನ್ನು ನೋಡಿ ಬೇಸತ್ತವರಲ್ಲಿ ಅದೇ ಬೆಲ್ ಪ್ರಯೋಗಶಾಲೆಯ ಜಾನ್ ಪಿಯರ್ಸ್ ಒಬ್ಬರು. 1969ರಲ್ಲಿ ಅವರು ಶಬ್ದಶಾಸ್ತ್ರದ ಒಂದು ಪತ್ರಿಕೆಗೆ ಕಟುವಾದ ಕಾಗದ ಬರೆದರು. ಆ ಭಾಷೆಯನ್ನು ಆಡುವವನಿಗೆ ಇರುವ ಬುದ್ಧಿಯೂ ಲೋಕಜ್ಞಾನವೂ ಯಂತ್ರಕ್ಕೆ ಇಲ್ಲದೆ ಹೋದರೆ ಸಾಮಾನ್ಯ ಮಾತನ್ನು ಅದು ಬರೆದುಕೊಳ್ಳಲಾರದು ಎಂಬುದು ಅವರ ವಾದದ ತಿರುಳು. ಅವರು ವ್ಯಾಸರ ಕಥೆಯನ್ನು ಕೇಳಿರಲಿಕ್ಕಿಲ್ಲ. ಆದರೆ ಹೇಳಿದ್ದು ವ್ಯಾಸರ ಷರತ್ತನ್ನೇ.

ಆಮೇಲಿನ ಐವತ್ತು ವರ್ಷಗಳ ಕಥೆಯೆಂದರೆ ಈ ಷರತ್ತನ್ನು ಪೂರೈಸದೆ ಎಷ್ಟು ದೂರ ಹೋಗಬಹುದೆಂಬುದರ ಕಥೆ. ಆಂಧ್ರದ ಹಳ್ಳಿಯೊಂದರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರಾಜ್ ರೆಡ್ಡಿಯವರ ಬಳಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1976ರ ಹೊತ್ತಿಗೆ ಸಾವಿರದ ಹನ್ನೊಂದು ಮಾತುಗಳನ್ನು ಗುರುತಿಸುವ 'ಹಾರ್ಪಿ'ಯನ್ನು ಸಿದ್ಧಪಡಿಸಿತು. ರೆಡ್ಡಿಯವರಿಗೆ 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಅದೇ ಕಾಲದಲ್ಲಿ ಐಬಿಎಂ ಸಂಸ್ಥೆಯ ಫ್ರೆಡರಿಕ್ ಜೆಲಿನೆಕ್ ಇನ್ನೊಂದು ದಾರಿ ಹಿಡಿದರು. ಯಂತ್ರಕ್ಕೆ ವ್ಯಾಕರಣ ಕಲಿಸುವ ಗೊಡವೆ ಬೇಡ. ಅಪಾರವಾದ ಬರಹವನ್ನು ಅದರ ಮುಂದೆ ಸುರಿದು, ಯಾವ ಮಾತಿನ ಹಿಂದೆ ಯಾವ ಮಾತು ಎಷ್ಟು ಸಲ ಬರುತ್ತದೆಂಬುದನ್ನು ಎಣಿಸಲು ಬಿಟ್ಟರೆ ಸಾಕು ಎಂದರು. ಭಾಷಾಶಾಸ್ತ್ರಜ್ಞನೊಬ್ಬನನ್ನು ಕೆಲಸದಿಂದ ತೆಗೆದಾಗಲೆಲ್ಲ ಯಂತ್ರದ ಕಿವಿ ಚುರುಕಾಗುತ್ತದೆ ಎಂದು ಅವರು ಹಾಸ್ಯ ಮಾಡಿದರೆಂಬ ಪ್ರತೀತಿ ಆ ವಲಯದಲ್ಲಿ ಇಂದಿಗೂ ಇದೆ. ಎಂಬತ್ತರ ದಶಕದಲ್ಲಿ ಅವರ ಬಳಗದ 'ಟ್ಯಾಂಗೋರ' ಇಪ್ಪತ್ತು ಸಾವಿರ ಮಾತುಗಳನ್ನು ಬಲ್ಲುದಾಗಿತ್ತು. ಟೈಪು ಮಾಡುವುದರಲ್ಲಿ ಜಗತ್ತಿಗೇ ಮೊದಲಿಗನೆನಿಸಿದ್ದ ಒಬ್ಬಾತನ ಹೆಸರು ಅದಕ್ಕೆ. 1997ರಲ್ಲಿ ಡ್ರ್ಯಾಗನ್ ಸಂಸ್ಥೆಯ ಉಕ್ತಲೇಖನ ಸಾಧನ ಮಾರುಕಟ್ಟೆಗೆ ಬಂದಾಗ, ಮಾತು ಮಾತಿಗೂ ನಿಲ್ಲದೆ ಸಹಜವಾಗಿ ಹೇಳುತ್ತ ಹೋಗುವುದು ಸಾಮಾನ್ಯ ಕಂಪ್ಯೂಟರಿನಲ್ಲಿಯೂ ಸಾಧ್ಯವಾಯಿತು. 2010ರ ಈಚೆಗೆ ನರಜಾಲವೆಂಬ ಗಣನೆಯ ವಿಧಾನ ಬಂದ ಮೇಲೆ ಪ್ರಗತಿ ನಾಗಾಲೋಟಕ್ಕೆ ತಿರುಗಿತು. 2022ರಲ್ಲಿ ಹೊರಬಂದ 'ವಿಸ್ಪರ್' ಎಂಬ ಸಾಧನವನ್ನು ಪಳಗಿಸಿದ್ದು 6,80,000 ಗಂಟೆಗಳ ಧ್ವನಿಯಿಂದ. ಒಬ್ಬ ಮನುಷ್ಯ ಹಗಲಿರುಳು ಕೇಳುತ್ತ ಕುಳಿತರೂ ಎಪ್ಪತ್ತೇಳು ವರ್ಷಗಳಿಗಿಂತ ಹೆಚ್ಚು ಬೇಕು.

ಪಿಯರ್ಸ್ ಸೋತರೆಂದು ಇದರಿಂದ ಹೇಳಬಹುದು. ಆದರೆ ಸೋತದ್ದು ಎಲ್ಲಿ, ಗೆದ್ದದ್ದು ಎಲ್ಲಿ ಎಂಬುದನ್ನು ಬಿಡಿಸಿ ನೋಡಬೇಕು.

ಯಂತ್ರ ಕೇಳುವ ಬಗೆಯಲ್ಲಿ ಎರಡು ಅಂಶಗಳಿವೆ. ಕಿವಿಗೆ ಬಿದ್ದ ನಾದ ಯಾವ ಮಾತನ್ನು ಹೋಲುತ್ತದೆ ಎಂಬುದು ಒಂದು. ಈ ಸಂದರ್ಭದಲ್ಲಿ ಜನ ಸಾಮಾನ್ಯವಾಗಿ ಯಾವ ಮಾತನ್ನು ಆಡುತ್ತಾರೆ ಎಂಬುದು ಇನ್ನೊಂದು. ಎರಡನ್ನೂ ತೂಗಿ, ಹೆಚ್ಚು ಸಂಭವನೀಯವಾದದ್ದನ್ನು ಅದು ಬರೆಯುತ್ತದೆ. ನಾದ ಸ್ಪಷ್ಟವಾಗಿಲ್ಲದಿದ್ದಲ್ಲಿ ರೂಢಿಯ ಕಡೆ ತಕ್ಕಡಿ ವಾಲುತ್ತದೆ. ಮನುಷ್ಯನೂ ಹಾಗೆಯೇ ಕೇಳುತ್ತಾನೆಂಬುದು ನಿಜ. ಗದ್ದಲದ ಬಸ್ಸಿನಲ್ಲಿ ಕಂಡಕ್ಟರು ಅಂದದ್ದರಲ್ಲಿ ಅರ್ಧವನ್ನು ನಾವು ಊಹೆಯಿಂದಲೇ ತುಂಬಿಕೊಳ್ಳುತ್ತೇವೆ. ಟಿಕೆಟ್ ಕೊಳ್ಳುವುದಕ್ಕೆ ಆ ಊಹೆ ಸಾಕು; ಬರಹಕ್ಕೆ ಸಾಲದು.

ಏಕೆ ಸಾಲದೆಂಬುದನ್ನು ನಮ್ಮ ಗ್ರಂಥಸಂಪಾದಕರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಓಲೆಗರಿಗಳನ್ನು ಪ್ರತಿಮಾಡುವವರ ಕೈಯಲ್ಲಿ ಕಾವ್ಯಗಳು ಹೇಗೆ ಕೆಡುತ್ತವೆ ಎಂಬುದನ್ನು ಶಾಸ್ತ್ರೀಯವಾಗಿ ವಿವರಿಸಿದ ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ' 1964ರಲ್ಲಿ ಪ್ರಕಟವಾಯಿತು. ಆ ಶಾಸ್ತ್ರದ ಸೂತ್ರಗಳಲ್ಲಿ ಒಂದು ಹೀಗೆ: ಒಂದೇ ಸ್ಥಳದಲ್ಲಿ ಎರಡು ಪಾಠಗಳು ದೊರೆತು, ಒಂದು ಸುಲಭವಾಗಿಯೂ ಒಂದು ಕ್ಲಿಷ್ಟವಾಗಿಯೂ ಇದ್ದರೆ, ಕ್ಲಿಷ್ಟವಾದದ್ದೇ ಕವಿಯ ಪಾಠವಾಗಿರುವ ಸಂಭವ ಹೆಚ್ಚು. ಏಕೆಂದರೆ ತನಗೆ ತಿಳಿಯದ ಮಾತನ್ನು ಪ್ರತಿಕಾರ ತಿಳಿದ ಮಾತಿಗೆ ತಿರುಗಿಸುತ್ತಾನೆಯೇ ಹೊರತು, ತಿಳಿದ ಮಾತನ್ನು ತಿಳಿಯದ ಮಾತಿಗೆ ತಿರುಗಿಸುವುದಿಲ್ಲ. ಹೀಗೆ ಕಳೆದುಹೋದ ಹಳಗನ್ನಡದ ಮಾತುಗಳನ್ನು ಒಂದೊಂದಾಗಿ ಹುಡುಕಿ ತರಲು ಪಂಡಿತರು ಆಯುಷ್ಯವನ್ನೇ ಸವೆಸಿದ್ದಾರೆ.

ಈಗ ಯಂತ್ರದ ಸೂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡು ಪಾಠಗಳು ಸಾಧ್ಯವಿದ್ದಾಗ ಹೆಚ್ಚು ಬಳಕೆಯಲ್ಲಿರುವುದನ್ನು ಆರಿಸು ಎಂಬುದು ಅದರ ಧರ್ಮ. ಸಂಪಾದಕನು ಯಾವುದನ್ನು ಪ್ರತಿಕಾರನ ದೋಷವೆಂದು ತಿದ್ದುತ್ತಾನೋ ಅದು ಇಲ್ಲಿ ವಿಧಾನವೇ ಆಗಿಬಿಟ್ಟಿದೆ. ಸಾವಿರ ಮಂದಿ ಆಡುವ ಸಾಧಾರಣ ವಾಕ್ಯವನ್ನು ಅದು ತಪ್ಪಿಲ್ಲದೆ ಬರೆಯುವುದು ಇದೇ ಕಾರಣದಿಂದ. ಒಬ್ಬನು ಮಾತ್ರ ಆಡಬಲ್ಲ ವಾಕ್ಯದ ಮುಂದೆ ಎಡವುವುದೂ ಇದೇ ಕಾರಣದಿಂದ. ಸಾಹಿತ್ಯವೆಂಬುದು ಬಹುಪಾಲು ಎರಡನೆಯ ಬಗೆಯ ವಾಕ್ಯಗಳಿಂದ ಆದದ್ದು.

ಸಾಹಿತ್ಯದ ಮಾತು ಹಾಗಿರಲಿ, ಮನೆಯ ಮಾತಿಗೂ ಇದೇ ಗತಿ. ನಮ್ಮ ಅತ್ತೆಯವರು ಧಾರವಾಡದ ಕಡೆಯವರು. ಕಣ್ಣು ಮಂಜಾದ ಮೇಲೆ ಕಾಗದ ಬರೆಯುವುದನ್ನು ಬಿಟ್ಟಿದ್ದರು. ಮನೆಯ ಹುಡುಗರು ಯಾವುದೋ ಒಂದು ಬರಹದ ಸಾಧನವನ್ನು ಮೊಬೈಲಿಗೆ ಹಾಕಿಕೊಟ್ಟು, "ಮಾತಾಡಿ ಅಜ್ಜಿ, ಅದೇ ಬರೀತದೆ" ಎಂದರು. ಅವರು ತಂಗಿಗೆ ಹೇಳಿದ್ದು: "ಮಳಿ ಭಾಳ ಆಗೇದ, ಇವತ್ತ ನೀ ಬರಬ್ಯಾಡ ನೋಡವಾ." ಪರದೆಯ ಮೇಲೆ ಮೂಡಿದ್ದು: 'ಮಳೆ ಬಹಳ ಆಗಿದೆ, ಇವತ್ತು ನೀನು ಬರಬೇಡ ನೋಡು.' ಹುಡುಗರು ಅದನ್ನು ಗಟ್ಟಿಯಾಗಿ ಓದಿದರು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಾ ಅಂದದ್ದಲ್ಲ. ರೇಡಿಯೋದಾವ್ರು ಅಂದಂಗ ಅದ" ಎಂದರು. ಅರ್ಥದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ 'ನೋಡವಾ' ಎಂಬುದರಲ್ಲಿದ್ದ ಅಕ್ಕ ಅಲ್ಲಿರಲಿಲ್ಲ.

ಕೈಲಾಸಂ ಅವರು ತಮ್ಮ ನಾಟಕಗಳನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಯಿಸುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಅವರ ಪಾತ್ರಗಳು ಇಂಗ್ಲಿಷ್ ಮಾತಿಗೆ ಕನ್ನಡದ ಪ್ರತ್ಯಯ ಹಚ್ಚಿ, ಕನ್ನಡದ ಮಾತನ್ನು ನುಂಗಿ, ಉಸಿರು ಸಿಕ್ಕಲ್ಲಿ ತುಂಡರಿಸಿ ಆಡುತ್ತವೆ; ಬೆಂಗಳೂರಿನ ಮಧ್ಯಮವರ್ಗದ ಮನೆಗಳ ಜೀವಂತ ಮಾತು ಅದು. ಬರೆದುಕೊಂಡ ಸ್ನೇಹಿತರು ಆ ಮಾತನ್ನು ಗ್ರಾಂಥಿಕಕ್ಕೆ ತಿದ್ದಿದ್ದರೆ ಕನ್ನಡ ರಂಗಭೂಮಿಗೆ ಆ ನಾಟಕಗಳೇ ಉಳಿಯುತ್ತಿರಲಿಲ್ಲ. ಅವರು ತಿದ್ದಲಿಲ್ಲ, ಏಕೆಂದರೆ ಹಾಸ್ಯ ಎಲ್ಲಿದೆಯೆಂಬುದು ಅವರಿಗೆ ಗೊತ್ತಿತ್ತು. ಅರ್ಥ ತಿಳಿದು ಬರೆ ಎಂಬ ಷರತ್ತಿನ ಪೂರ್ಣ ಅಭಿಪ್ರಾಯ ಇದು. ನಿಘಂಟಿನ ಅರ್ಥವಷ್ಟೇ ತಿಳಿದರೆ ಸಾಲದು, ಆಡಿದವನು ಹೀಗೆಯೇ ಏಕೆ ಆಡಿದನೆಂಬುದೂ ತಿಳಿಯಬೇಕು.

ಇದು ಕನ್ನಡದ ಒಂದು ಕಷ್ಟವಷ್ಟೇ ಅಲ್ಲ. ಅಮೆರಿಕದ ಐದು ದೊಡ್ಡ ಕಂಪೆನಿಗಳ ಉಕ್ತಲೇಖನ ಸಾಧನಗಳನ್ನು ಪರೀಕ್ಷಿಸಿದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬಿಳಿಯರ ಮಾತಿನಲ್ಲಿ ನೂರಕ್ಕೆ ಸರಾಸರಿ 19 ಮಾತುಗಳು ತಪ್ಪಾದರೆ ಕರಿಯರ ಮಾತಿನಲ್ಲಿ 35 ತಪ್ಪಾದುವು. ಆಡುತ್ತಿದ್ದವರೆಲ್ಲರೂ ಅದೇ ದೇಶದವರು, ಆಡುತ್ತಿದ್ದುದು ಇಂಗ್ಲಿಷೇ. ಯಂತ್ರಕ್ಕೆ ಯಾರ ಮಾತನ್ನು ಹೆಚ್ಚು ಕೇಳಿಸಿದ್ದರೋ ಅವರದು 'ಭಾಷೆ'ಯಾಯಿತು, ಉಳಿದವರದು ತಪ್ಪಾಯಿತು. ಮಂಡ್ಯದ ಕಡೆಯ ಹಕಾರವಿಲ್ಲದ ಮಾತು, ಕಲಬುರ್ಗಿಯ ಉರ್ದು ಬೆರೆತ ಮಾತು, ಕುಂದಾಪುರದ ಮೊಟಕು ಮಾತು ಇವುಗಳ ಪಾಡು ಏನಾದೀತೆಂಬುದನ್ನು ವಾಚಕರು ಊಹಿಸಬಹುದು.

ಇನ್ನು ಗಣಪತಿಯ ಷರತ್ತು. ನಿಲ್ಲದೆ ಬರೆಯುವುದರಲ್ಲಿ ಯಂತ್ರವನ್ನು ಮೀರಿಸುವವರಿಲ್ಲ. ಆದರೆ ನಿಲ್ಲಲಾರದಿರುವುದೂ ಒಂದು ರೋಗ. ಮೇಲೆ ಹೇಳಿದ 'ವಿಸ್ಪರ್' ಸಾಧನವನ್ನು ಕುರಿತು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಎತ್ತಿ ತೋರಿಸಿತು. ಪರೀಕ್ಷಿಸಿದ ಧ್ವನಿತುಣುಕುಗಳಲ್ಲಿ ನೂರಕ್ಕೆ ಸುಮಾರು ಒಂದರಲ್ಲಿ, ಯಾರೂ ಆಡದ ಇಡೀ ಪದಗುಚ್ಛಗಳನ್ನೂ ವಾಕ್ಯಗಳನ್ನೂ ಯಂತ್ರ ತಾನೇ ಕಲ್ಪಿಸಿ ಬರೆದಿತ್ತು. ಪಾರ್ಶ್ವವಾಯು ಮೊದಲಾದವುಗಳಿಂದ ಮಾತು ತೊಡರುವ, ನಡುನಡುವೆ ಬಹಳ ಹೊತ್ತು ತಡೆಯುವ ಜನರ ವಿಷಯದಲ್ಲಿ ಇದು ಹೆಚ್ಚು. ಅವರು ಮಾತಿಗಾಗಿ ತಡಕಾಡುತ್ತ ಮೌನವಾಗಿದ್ದಾಗ ಯಂತ್ರ ಆ ಮೌನವನ್ನು ತನ್ನ ಮಾತಿನಿಂದ ತುಂಬಿತು. ವ್ಯಾಸರ ಕಥೆಯಲ್ಲಿ ಕವಿಗೆ ಬಿಡುವು ದೊರಕುತ್ತಿದ್ದುದು ಲಿಪಿಕಾರ ತಡೆದು ಯೋಚಿಸುತ್ತಿದ್ದುದರಿಂದ. ಇಲ್ಲಿ ಹೇಳುವವನು ತಡೆದರೆ ಲಿಪಿಕಾರನೇ ಕವಿಯಾಗಿಬಿಡುತ್ತಾನೆ. ಆಸ್ಪತ್ರೆಯಲ್ಲಿ ರೋಗಿಯ ಮಾತನ್ನೋ, ನ್ಯಾಯಾಲಯದಲ್ಲಿ ಸಾಕ್ಷಿಯ ಮಾತನ್ನೋ ಬರೆದುಕೊಳ್ಳಲು ಇಂಥವನನ್ನು ಕೂರಿಸಿದರೆ ಆಗುವ ಅನಾಹುತ ಸಣ್ಣದಲ್ಲ.

ಇಂಥ ತಪ್ಪು ಒಟ್ಟು ಲೆಕ್ಕದಲ್ಲಿ ಎದ್ದು ಕಾಣುವುದಿಲ್ಲ. ಅದಕ್ಕೆ ಲೆಕ್ಕದ ಕ್ರಮವೇ ಕಾರಣ. ಯಂತ್ರ ಬಿಟ್ಟ ಮಾತು, ಸೇರಿಸಿದ ಮಾತು, ಬದಲಿಸಿದ ಮಾತು ಈ ಮೂರನ್ನೂ ಕೂಡಿಸಿ, ಆಡಿದ ಒಟ್ಟು ಮಾತುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಈ ಎಣಿಕೆಯಲ್ಲಿ ಎಲ್ಲ ತಪ್ಪುಗಳೂ ಸಮಾನ. 'ಮತ್ತು' ಬಿಟ್ಟುಹೋದರೂ ಒಂದು ತಪ್ಪು, 'ಇದೆ' ಎಂಬುದು 'ಇಲ್ಲ' ಎಂದಾದರೂ ಒಂದೇ ತಪ್ಪು. ಕನ್ನಡದಲ್ಲಿ ಇದರ ವಿಚಿತ್ರ ಇನ್ನೂ ಹೆಚ್ಚು. 'ಬರಲಾರನೆಂದುಕೊಂಡಿದ್ದೆ' ಎಂಬ, ಒಂದು ಇಡೀ ವಾಕ್ಯದ ಅರ್ಥವನ್ನು ಹೊತ್ತ ಮಾತು ಎಣಿಕೆಗೆ ಒಂದೇ ಮಾತು. ಅದೇ 'ಹೋಗಿಬಿಟ್ಟ' ಎಂಬುದನ್ನು ಯಂತ್ರ ಬಿಡಿಸಿ 'ಹೋಗಿ ಬಿಟ್ಟ' ಎಂದು ಬರೆದರೆ, ಓದುವವನಿಗೆ ಏನೂ ನಷ್ಟವಿಲ್ಲದಿದ್ದರೂ, ಎರಡು ತಪ್ಪು. ಪರೀಕ್ಷೆಯ ಅಂಕಗಳನ್ನು ನೋಡಿ ವಿದ್ಯಾರ್ಥಿಯ ಗುಣವನ್ನು ಹೇಳಲಾಗದೆಂಬ ಮಾತು ಯಂತ್ರಕ್ಕೂ ಸಲ್ಲುತ್ತದೆ.

ಕೈಬರಹದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಅದರಲ್ಲಿ ಮನುಷ್ಯನೇ ಒಮ್ಮೆ ಸೋತು ಶರಣಾದ ಪ್ರಸಂಗವೂ ಇದೆ. ಆ್ಯಪಲ್ ಸಂಸ್ಥೆ 1993ರಲ್ಲಿ 'ನ್ಯೂಟನ್' ಎಂಬ ಅಂಗೈ ಹಲಗೆಯನ್ನು ಹೊರತಂದಿತು. ಅದರ ಮೇಲೆ ಬರೆದ ಕೈಬರಹವನ್ನು ಅದು ತನ್ನ ನಿಘಂಟಿನೊಡನೆ ಹೋಲಿಸಿ, ಹತ್ತಿರವಾದ ಮಾತನ್ನು ಅಚ್ಚಿನಲ್ಲಿ ತೋರಿಸುತ್ತಿತ್ತು. ಹಾಗಾಗಿ ಅದರ ತಪ್ಪುಗಳು ಅಕ್ಷರದೋಷಗಳಾಗಿರುತ್ತಿರಲಿಲ್ಲ. ಶುದ್ಧವಾದ, ಆದರೆ ಬೇರೆಯೇ ಆದ ಮಾತುಗಳಾಗಿರುತ್ತಿದ್ದುವು. ಅದೇ ವರ್ಷ 'ಡೂನ್ಸ್‌ಬರಿ' ಎಂಬ ವ್ಯಂಗ್ಯಚಿತ್ರಮಾಲೆಯಲ್ಲಿ ಗ್ಯಾರಿ ಟ್ರೂಡೋ ಇದನ್ನು ಗೇಲಿಮಾಡಿದರು, ದೇಶವೆಲ್ಲ ನಕ್ಕಿತು. ಆಮೇಲೆ ಸಾಧನ ಬಹಳ ಸುಧಾರಿಸಿತಾದರೂ ನಗೆ ನಿಲ್ಲಲಿಲ್ಲ. 1998ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಈ ನಡುವೆ 1996ರಲ್ಲಿ ಬಂದ 'ಪಾಮ್ ಪೈಲಟ್' ಗೆದ್ದಿತು. ಅದು ಗೆದ್ದ ಉಪಾಯ ಇದು: ಯಂತ್ರಕ್ಕೆ ಮನುಷ್ಯನ ಅಕ್ಷರ ಕಲಿಸುವ ಬದಲು ಮನುಷ್ಯನಿಗೇ ಯಂತ್ರದ ಅಕ್ಷರ ಕಲಿಸಿದರು. ಹೆಚ್ಚುಕಡಿಮೆ ಪ್ರತಿಯೊಂದು ರೋಮನ್ ಅಕ್ಷರವನ್ನೂ ಕೈ ಎತ್ತದೆ ಒಂದೇ ಗೀಟಿನಲ್ಲಿ ಎಳೆಯತಕ್ಕದ್ದು. ಅಡ್ಡಗೀಟು ಗಿಡ್ಡಗೀಟು ಕೂಡದು. ದೊಡ್ಡ ದೊಡ್ಡ ಹುದ್ದೆಯವರು ಸ್ಲೇಟು ಹಿಡಿದ ಮಕ್ಕಳಂತೆ ಹೊಸದಾಗಿ ಅಕ್ಷರ ತಿದ್ದಿದರು. ಯಂತ್ರದ ಮುಂದೆ ನಾವು ಬಾಗುವುದು ಬಲಾತ್ಕಾರದಿಂದಲ್ಲ, ಅನುಕೂಲದ ಆಸೆಯಿಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅತ್ತೆಯವರು ನಾಳೆ 'ಮಳಿ' ಎನ್ನುವುದನ್ನು ಬಿಟ್ಟು, ಯಂತ್ರಕ್ಕೆ ತಿಳಿಯಲೆಂದು 'ಮಳೆ' ಎನ್ನತೊಡಗಿದರೆ ಅದೂ ಹೀಗೆಯೇ ಆಗುತ್ತದೆ.

ನಮ್ಮ ಲಿಪಿಯ ಮಟ್ಟಿಗೆ ಹೇಳುವುದಾದರೆ, ಅದು ಒಂದೇ ಗೀಟಿಗೆ ಒಗ್ಗುವಂಥದಲ್ಲ. 'ರಾಷ್ಟ್ರ'ದಲ್ಲಿ ಷಕಾರದ ಕೆಳಗೆ ಟಕಾರ, ರಕಾರ ಎರಡೂ ತೂಗುತ್ತವೆ. 'ಸೂರ್ಯ'ದಲ್ಲಿ ಕಿವಿಗೆ ಮೊದಲು ಬೀಳುವ ರಕಾರ ಅರ್ಕಾವೊತ್ತಾಗಿ ಕಣ್ಣಿಗೆ ಕಡೆಯಲ್ಲಿ ಬೀಳುತ್ತದೆ. ರ ಮತ್ತು ಠಗಳಿಗೆ ಒಂದು ಚುಕ್ಕೆಯ ಅಂತರ. ಒಬ್ಬರು ಒತ್ತನ್ನು ಅಲ್ಲಲ್ಲಿಯೇ ಕೊಟ್ಟು ಮುಂದೆ ಹೋದರೆ, ಇನ್ನೊಬ್ಬರು ಸಾಲು ಮುಗಿಸಿ ಹಿಂದಿರುಗಿ ಕೊಡುತ್ತಾರೆ. ಇಷ್ಟನ್ನೂ ಯಂತ್ರಕ್ಕೆ ತಿಳಿಸಲು ಇಲ್ಲಿಯವರೇ ದುಡಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಶಾಲೆ ಕನ್ನಡ, ತಮಿಳುಗಳ ಅಚ್ಚು ಮತ್ತು ಕೈಬರಹಗಳನ್ನು ಯಂತ್ರಕ್ಕೆ ಓದಿಸುವ ಕೆಲಸವನ್ನು ಬಹುಕಾಲದಿಂದ ಮಾಡಿದೆ. ರೋಮನ್ ಲೋಕದಲ್ಲಿ ಬಳಕೆಯಲ್ಲಿರುವ ಕೈಬರಹದ ಅಂಕೆಗಳ ಸಂಗ್ರಹದ ಮಾದರಿಯಲ್ಲಿ ಕನ್ನಡ ಅಂಕೆಗಳ ಸಂಗ್ರಹವೊಂದನ್ನು 2019ರಲ್ಲಿ ವಿನಯ್ ಪ್ರಭು ಹೊರತಂದರು. ನಮ್ಮವರೇ ಬಳಸುವುದನ್ನು ಬಿಡುತ್ತಿರುವ ೧, ೨, ೩ಗಳನ್ನು ಯಂತ್ರ ಕಲಿಯುತ್ತಿದೆ; ಇದರಲ್ಲಿ ವ್ಯಂಗ್ಯವೂ ಇದೆ, ಸಮಾಧಾನವೂ ಇದೆ.

ಆದರೆ ಕೈಬರಹ ಅಚ್ಚಾದಾಗ ಕಳೆಯುವ ಇನ್ನೊಂದು ವಸ್ತುವನ್ನು ಮರೆಯಬಾರದು, ಅದು ಕಾಟು. ಗದುಗಿನ ಕುಮಾರವ್ಯಾಸ ತಾನು ಕರಡು ಮಾಡದೆ, ಒಮ್ಮೆ ಬರೆದದ್ದನ್ನು ಒರೆಸದೆ ಕಾವ್ಯ ರಚಿಸಿದೆನೆಂದು ಹೆಮ್ಮೆಪಟ್ಟಿದ್ದಾನೆ. ಅದು ಹೆಮ್ಮೆಪಡುವ ವಿಷಯವಾದದ್ದೇ ಉಳಿದವರೆಲ್ಲ ಬರೆದು ಒರೆಸುವವರಾದ್ದರಿಂದ. ಲೇಖಕನ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಮಾತು, ಅದರ ಮೇಲೆ ಬರೆದ ಮಾತು, ಮತ್ತೆ ಅದನ್ನೂ ಹೊಡೆದು ಮೊದಲಿನದನ್ನೇ ಉಳಿಸಿದ ಗುರುತು ಇವೆಲ್ಲ ಅವನ ಮನಸ್ಸು ನಡೆದ ದಾರಿಯ ಹೆಜ್ಜೆಗಳು. ಯಂತ್ರಕ್ಕೆ ಅವು ಕಸ. ಅದು ಗುಡಿಸಿ ಹಾಕಿ ಶುದ್ಧಪ್ರತಿಯನ್ನು ಕೊಡುತ್ತದೆ.

ಇಲ್ಲಿಗೆ ಒಂದು ಆಕ್ಷೇಪ ಬರುವುದು ನ್ಯಾಯ. ಮನುಷ್ಯ ಲಿಪಿಕಾರ ಇದಕ್ಕಿಂತ ಒಳ್ಳೆಯವನಾಗಿದ್ದನೇ? ಹಳ್ಳಿಯಲ್ಲಿ ಅಕ್ಷರ ಬಾರದ ತಾಯಿ ಪಟ್ಟಣದ ಮಗನಿಗೆ ಕಾಗದ ಬರೆಯಿಸುತ್ತಿದ್ದುದು ಪೋಸ್ಟಿನವನಿಂದಲೋ ಶಾಲೆಯ ಮೇಷ್ಟರಿಂದಲೋ. ಅವಳು ಅತ್ತು, ಬೈದು, ಹಸುವಿನ ಕಥೆ ಹೇಳಿ, ಮತ್ತೆ ಅತ್ತದ್ದೆಲ್ಲ 'ಇತ್ತ ನಾವೆಲ್ಲರೂ ಕ್ಷೇಮ' ಎಂಬ ಒಂದು ಸಾಲಿಗೆ ಇಳಿಯುತ್ತಿತ್ತು. ಅವನೂ ರೂಢಿಯ ಪಾಠವನ್ನೇ ಬರೆಯುತ್ತಿದ್ದ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅಷ್ಟೇ ಅಲ್ಲ, ಆ ತಾಯಿ ಇಂದು ಯಾರ ಹಂಗೂ ಇಲ್ಲದೆ, ಮನೆಯ ಗುಟ್ಟನ್ನು ಊರವನಿಗೆ ಒಪ್ಪಿಸದೆ, ತಾನೇ ಕಾಗದ ಬರೆಯಬಲ್ಲಳೆಂಬುದು ಸಣ್ಣ ಲಾಭವಲ್ಲವೆಂದೂ ಹೇಳುತ್ತೇನೆ. ಕಣ್ಣಿಲ್ಲದವರು, ಕೈ ನಡುಗುವವರು, ಬೆರಳು ನೋಯುವವರು ಇವರಿಗೆ ಈ ಸಾಧನ ಕೊಟ್ಟಿರುವ ಸ್ವಾತಂತ್ರ್ಯವನ್ನು ಎರಡು ಕೈಯಲ್ಲಿ ಹತ್ತು ಬೆರಳು ನೆಟ್ಟಗಿರುವ ನಾವು ಹಗುರವಾಗಿ ಕಾಣಬಾರದು.

ಹೇಳಿ ಬರೆಯಿಸಿದ್ದರಿಂದ ಸಾಹಿತ್ಯ ಕೆಡುವುದೆಂಬುದೂ ಸುಳ್ಳು. ಮಿಲ್ಟನ್ ಕುರುಡನಾದ ಮೇಲೆ 'ಪ್ಯಾರಡೈಸ್ ಲಾಸ್ಟ್' ಮಹಾಕಾವ್ಯವನ್ನು ಹೇಳಿ ಬರೆಯಿಸಿದ. ಅದು ಅಚ್ಚಾದದ್ದು 1667ರಲ್ಲಿ. ದಾಸ್ತೊಯ್‌ವ್‌ಸ್ಕಿ 1866ರಲ್ಲಿ ಪ್ರಕಾಶಕನ ಕರಾರಿಗೆ ಸಿಕ್ಕಿ, 'ಜೂಜುಗಾರ' ಕಾದಂಬರಿಯನ್ನು ಇಪ್ಪತ್ತಾರು ದಿನಗಳಲ್ಲಿ ಅನ್ನಾ ಎಂಬ ಶೀಘ್ರಲಿಪಿಗಾರ್ತಿಗೆ ಹೇಳಿ ಮುಗಿಸಿದ. ಮರುವರ್ಷ ಆಕೆಯನ್ನೇ ಮದುವೆಯಾದ. ಹೆನ್ರಿ ಜೇಮ್ಸ್ 1897ರ ಸುಮಾರಿನಲ್ಲಿ ಕೈನೋವಿನಿಂದಾಗಿ ಟೈಪು ಮಾಡುವವರಿಗೆ ಹೇಳಿ ಬರೆಯಿಸತೊಡಗಿದ. ಅವನ ಕೊನೆಗಾಲದ ವಾಕ್ಯಗಳು ಬಳಸಿ ಬಳಸಿ ಬೆಳೆದುದಕ್ಕೆ ಇದೂ ಕಾರಣವೆಂದು ವಿಮರ್ಶಕರು ಹೇಳುವುದುಂಟು. ಬರೆಯುವ ಉಪಕರಣ ಶೈಲಿಯನ್ನು ಬದಲಿಸುತ್ತದೆ. ಆದರೆ ಬದಲಿಸಿದ್ದೆಲ್ಲ ಕೇಡಲ್ಲ.

ಹಾಗಾದರೆ ಮನುಷ್ಯ ಲಿಪಿಕಾರನಿಗೂ ಯಂತ್ರಕ್ಕೂ ಭೇದವೆಲ್ಲಿ? ನನಗೆ ತೋರುವುದು ಎರಡು ಕಡೆ. ಮೊದಲನೆಯದು ಸಂಖ್ಯೆ. ಒಂದು ಊರಿನ ಪೋಸ್ಟಿನವನ ತಪ್ಪು ಆ ಊರಿನದು; ಪಕ್ಕದೂರಿನವನ ತಪ್ಪು ಬೇರೆ ಬಗೆಯದು. ಅದರಿಂದಲೇ ಹತ್ತು ಓಲೆಪ್ರತಿಗಳನ್ನು ಹೋಲಿಸಿ ಸಂಪಾದಕ ಮೂಲವನ್ನು ಊಹಿಸಬಲ್ಲ. ಎಲ್ಲ ಊರಿಗೂ ಒಬ್ಬನೇ ಲಿಪಿಕಾರನಾದರೆ ಎಲ್ಲ ಪ್ರತಿಗಳಲ್ಲಿಯೂ ಒಂದೇ ತಪ್ಪು. ಹೋಲಿಸಿ ನೋಡಲು ಇನ್ನೊಂದು ಪ್ರತಿಯೇ ಇಲ್ಲ. ಎರಡನೆಯದು ಸಂದೇಹ. ನಮ್ಮ ಹಳೆಯ ಪ್ರತಿಕಾರರು ಗ್ರಂಥದ ಕಡೆಯಲ್ಲಿ, ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿ ಮನ್ನಿಸಬೇಕು ಎಂದು ಬೇಡಿಕೊಳ್ಳುತ್ತಿದ್ದರು. ಗರಿ ಮುರಿದ ಕಡೆ ಜಾಗ ಬಿಡುವವರೂ ಇದ್ದರು. ಆ ಖಾಲಿ ಜಾಗ ಪ್ರಾಮಾಣಿಕತೆಯ ಗುರುತು. ಯಂತ್ರದ ಪುಟದಲ್ಲಿ ಖಾಲಿ ಜಾಗವೇ ಇಲ್ಲ. ಅದು ಖಚಿತವಾಗಿ ಕೇಳಿದ್ದನ್ನೂ ಊಹಿಸಿದ್ದನ್ನೂ ಒಂದೇ ದುಂಡು ಅಕ್ಷರದಲ್ಲಿ ಬರೆಯುತ್ತದೆ.

ಸ್ವಾರಸ್ಯವೆಂದರೆ, ಸಂದೇಹ ಯಂತ್ರಕ್ಕೆ ಇಲ್ಲವೆಂದಲ್ಲ. ಪ್ರತಿಯೊಂದು ಮಾತಿಗೂ ಅದು ಒಳಗೊಳಗೆ ಸಂಭವನೀಯತೆಯ ಲೆಕ್ಕ ಹಾಕಿಯೇ ಇರುತ್ತದೆ. ನಮ್ಮ ಮುಂದೆ ಅದನ್ನು ಹೇಳುವುದಿಲ್ಲ, ಅಷ್ಟೆ. ಊಹೆಯ ಮಾತನ್ನು ಬೇರೆ ಬಣ್ಣದಲ್ಲಿ ತೋರಿಸುವುದು, ಮೂಲಧ್ವನಿಯನ್ನು ಬರಹದ ಜೊತೆಯಲ್ಲಿಯೇ ಉಳಿಸುವುದು, ಬರೆದದ್ದನ್ನು ಹೇಳಿದವರಿಗೆ ಮತ್ತೆ ಓದಿಹೇಳುವುದು ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಸರ್ಕಾರಿ ಕಚೇರಿ, ಆಸ್ಪತ್ರೆ, ನ್ಯಾಯಾಲಯಗಳಿಗೆ ಇಂಥ ಸಾಧನ ತರುವವರು ಈ ಮೂರನ್ನು ಕಡ್ಡಾಯವಾಗಿ ಕೇಳಬೇಕು. ಭಾರತ ಸರ್ಕಾರ 2022ರಲ್ಲಿ ದೇಶಭಾಷೆಗಳಿಗಾಗಿ 'ಭಾಷಿಣಿ' ಎಂಬ ಯೋಜನೆಯನ್ನು ಆರಂಭಿಸಿರುವುದರಿಂದ ಈ ಮಾತು ಬರಿಯ ಹರಟೆಯಲ್ಲ.

ಯಂತ್ರದ ಕಿವಿ ತೆರೆಯಬೇಕಾದರೆ ಅದಕ್ಕೆ ಎಲ್ಲರ ಮಾತನ್ನೂ ಕೇಳಿಸಬೇಕು. ಅಚ್ಚಾದ ವಾಕ್ಯಗಳನ್ನು ಓದಿಸಿ ಧ್ವನಿ ಸಂಗ್ರಹಿಸಿದರೆ ಸಿಗುವುದು ಓದಿನ ಕನ್ನಡ. ವಿಜ್ಞಾನ ಸಂಸ್ಥೆಯವರು ಗೂಗಲಿನ ನೆರವಿನಿಂದ ನಡೆಸುತ್ತಿರುವ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮುಂದೆ ಚಿತ್ರಗಳನ್ನಿಟ್ಟು, ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿಸುವ ಕ್ರಮವಿದೆ. ಇದು ಸರಿಯಾದ ದಾರಿ. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಬಳಿ ಕೂತು ಹೆಣ್ಣುಮಕ್ಕಳ ಹಾಡನ್ನು ಅವರ ನುಡಿಯಲ್ಲಿಯೇ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಕನ್ನಡ ಕಾವ್ಯದ ಕಿವಿ ಹೀಗೆ ತೆರೆಯಿತು. ಕೇಳುವ ಸಾಧನ ಮಾರ್ಪಟ್ಟಿರಬಹುದು. ಯಾರ ಬಳಿಗೆ ಹೋಗಿ ಕೇಳಬೇಕೆಂಬುದು ಮಾರ್ಪಟ್ಟಿಲ್ಲ.

ಅತ್ತೆಯವರು ಈಗಲೂ ಆ ಮೊಬೈಲಿಗೆ ಹೇಳಿಯೇ ಬರೆಯಿಸುತ್ತಾರೆ. ಆದರೆ ಕಳುಹಿಸುವ ಮುಂಚೆ ಮೊಮ್ಮಗಳನ್ನು ಕರೆದು ಗಟ್ಟಿಯಾಗಿ ಓದಿಸುತ್ತಾರೆ. ತಮ್ಮದಲ್ಲದ ಮಾತು ಬಂದಲ್ಲಿ, "ಅಲ್ಲಿ ನಿಲ್ಲು" ಎನ್ನುತ್ತಾರೆ. ಮೊಮ್ಮಗಳು 'ನೋಡು' ಎಂಬುದನ್ನು ಅಳಿಸಿ 'ನೋಡವಾ' ಎಂದು ತಿದ್ದುತ್ತಾಳೆ. ಉಕ್ತಲೇಖನ ಮುಗಿದ ಮೇಲೆ ಕೆಂಪು ಶಾಯಿ ಹಿಡಿಯಬೇಕಾದವರು ಯಾರೆಂಬುದು ಅವರಿಗೆ ತಿಳಿದಿದೆ.